ಕ್ಯಾಪ್ ಸ್ಪೇಸ್ ಎಂಬ ನೆಪ

2024ರ ನವೆಂಬರ್ 3ರಂದು ಫಿಲಡೆಲ್ಫಿಯಾದ ಮೈದಾನದಲ್ಲಿ ಸೇಕ್ವಾನ್ ಬಾರ್ಕ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಿದ್ದರು. ಅಡ್ಡ ಬಂದ ಎದುರಾಳಿಯಿಂದ ತಪ್ಪಿಸಿಕೊಳ್ಳಲು ಗಿರ್ರನೆ ಸುತ್ತು ಹಾಕಿದರು. ಸುತ್ತು ಮುಗಿಯುವ ಹೊತ್ತಿಗೆ ಬೆನ್ನ ಹಿಂದೆ ಜಾಕ್ಸನ್‌ವಿಲ್ ಜಾಗ್ವಾರ್ಸ್‌ನ ಇನ್ನೊಬ್ಬ ಆಟಗಾರ ಕೆಡವಲು ಬಗ್ಗಿ ನುಗ್ಗಿದ್ದ. ಬಾರ್ಕ್ಲಿ ತಿರುಗಿ ನೋಡಲಿಲ್ಲ. ಬೆನ್ನು ಹಾಕಿಕೊಂಡೇ ಮೇಲಕ್ಕೆ ನೆಗೆದು, ಅವನನ್ನು ಹಿಮ್ಮುಖವಾಗಿ ದಾಟಿ, ಆಚೆ ಕಾಲೂರಿ ಮತ್ತೆ ಓಡಿದರು. ಆ ವಿಡಿಯೊವನ್ನು ಫುಟ್‌ಬಾಲ್ ಗೊತ್ತಿಲ್ಲದವರೂ ಮೊಬೈಲಿನಲ್ಲಿ ನಾಲ್ಕಾರು ಸಲ ನೋಡಿದ್ದಾರೆ.

ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅಮೆರಿಕದ ಫುಟ್‌ಬಾಲ್‌ನಲ್ಲಿ ಬಾರ್ಕ್ಲಿ ರನ್ನಿಂಗ್ ಬ್ಯಾಕ್. ಆರು ಸೀಸನ್ ಆಡಿದ್ದು ನ್ಯೂಯಾರ್ಕ್ ಜೈಂಟ್ಸ್‌ಗೆ. 2024ರ ಮಾರ್ಚ್‌ನಲ್ಲಿ ಜೈಂಟ್ಸ್ ಅವರನ್ನು ಬಿಟ್ಟುಕೊಟ್ಟಿತು. ಹೋಗಿದ್ದಾದರೂ ಎಲ್ಲಿಗೆ? ವರ್ಷಕ್ಕೆರಡು ಬಾರಿ ಜೈಂಟ್ಸ್ ಎದುರು ಆಡುವ ಬದ್ಧವೈರಿ ಫಿಲಡೆಲ್ಫಿಯಾ ಈಗಲ್ಸ್‌ಗೆ. ಮೂರು ವರ್ಷಕ್ಕೆ 3.77 ಕೋಟಿ ಡಾಲರ್, ಅದರಲ್ಲಿ 2.6 ಕೋಟಿ ಖಾತ್ರಿ. ಆ ಬೇಸಿಗೆಯಲ್ಲಿ ಎಚ್‌ಬಿಒ ಪ್ರಸಾರ ಮಾಡಿದ ಸಾಕ್ಷ್ಯಚಿತ್ರದಲ್ಲಿ ಜೈಂಟ್ಸ್ ಮಾಲೀಕ ಜಾನ್ ಮಾರಾ ತಮ್ಮ ಜನರಲ್ ಮ್ಯಾನೇಜರ್ ಜೋ ಶೋನ್‌ಗೆ, ಬಾರ್ಕ್ಲಿ ಫಿಲಡೆಲ್ಫಿಯಾಕ್ಕೆ ಹೋದರೆ ತಮಗೆ ನಿದ್ದೆ ಬರುವುದು ಕಷ್ಟ ಎಂದು ಹೇಳುವ ದೃಶ್ಯವೇ ಇದೆ. ಬಾರ್ಕ್ಲಿ ಹೋದರು. ಆ ಸೀಸನ್‌ನಲ್ಲಿ 2,005 ಯಾರ್ಡ್ ಓಡಿದರು, ತಮ್ಮ 28ನೇ ಹುಟ್ಟುಹಬ್ಬದ ದಿನ ಸೂಪರ್ ಬೌಲ್ ಗೆದ್ದರು. ಜೈಂಟ್ಸ್ 17 ಪಂದ್ಯಗಳಲ್ಲಿ ಗೆದ್ದಿದ್ದು ಮೂರು.

ಇಂಥ ಪ್ರತಿ ಬೀಳ್ಕೊಡುಗೆಗೂ ಅಮೆರಿಕದ ತಂಡಗಳ ಬಳಿ ಸಿದ್ಧ ಸಮಜಾಯಿಷಿಯೊಂದಿದೆ: ಸ್ಯಾಲರಿ ಕ್ಯಾಪ್‌ನಲ್ಲಿ ಜಾಗವಿಲ್ಲ. ಅಭಿಮಾನಿಗಳೂ ಅದನ್ನು ನಂಬುತ್ತಾರೆ. ಪ್ರತಿ ಮಾರ್ಚ್‌ನಲ್ಲಿ ಯಾವ ತಂಡದ ಬಳಿ ಎಷ್ಟು ಕ್ಯಾಪ್ ಸ್ಪೇಸ್ ಇದೆ ಎಂಬ ಪಟ್ಟಿ ಪತ್ರಿಕೆಗಳಲ್ಲಿ ಬರುತ್ತದೆ. ಚುನಾವಣೆಯ ಸೀಟು ಲೆಕ್ಕದಂತೆ ಜನ ಅದನ್ನು ಓದುತ್ತಾರೆ. ಆದರೆ ಪಟ್ಟಿಯ ತುದಿಯಲ್ಲಿರುವ ತಂಡ ಗೆಲ್ಲುವುದೂ ಇಲ್ಲ, ತಳದಲ್ಲಿರುವುದು ಸೋಲುವುದೂ ಇಲ್ಲ ಎಂಬಂತೆ ವರ್ಷಗಳು ಕಳೆಯುತ್ತಿವೆ. ಕ್ಯಾಪ್ ಯಾರನ್ನು ಕೊಳ್ಳಬೇಕೆಂದು ಹೇಳುವುದಿಲ್ಲ. ತಪ್ಪು ಆಳನ್ನು ಕೊಂಡರೆ ಆ ತಪ್ಪು ಎಷ್ಟು ವರ್ಷ ಬೆನ್ನು ಬಿಡುವುದಿಲ್ಲ ಎಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ.

ನಿಯಮ ಸರಳವಾಗಿ ಕಾಣುತ್ತದೆ. ನ್ಯಾಷನಲ್ ಫುಟ್‌ಬಾಲ್ ಲೀಗ್‌ನ 32 ತಂಡಗಳೂ ಆಟಗಾರರ ಸಂಬಳಕ್ಕೆ ಒಂದೇ ಮಿತಿಯೊಳಗೆ ಖರ್ಚು ಮಾಡಬೇಕು. 1994ರಲ್ಲಿ ಆರಂಭವಾದಾಗ ಮಿತಿ 3.46 ಕೋಟಿ ಡಾಲರ್. 2025ರಲ್ಲಿ 27.92 ಕೋಟಿ. ಲೀಗ್‌ನ ಆದಾಯದಲ್ಲಿ ಸುಮಾರು ಶೇಕಡಾ 48 ಆಟಗಾರರಿಗೆ ಎಂಬ ಒಪ್ಪಂದದಿಂದ ಈ ಸಂಖ್ಯೆ ಹುಟ್ಟುತ್ತದೆ. ಹಾಗಾಗಿ ಟಿವಿ ಹಕ್ಕಿನ ಹಣ ಉಬ್ಬಿದಂತೆ ಮಿತಿಯೂ ಉಬ್ಬುತ್ತದೆ. 2021ರಲ್ಲಿ ಸಹಿಯಾದ ಪ್ರಸಾರ ಒಪ್ಪಂದಗಳ ಮೌಲ್ಯವೇ ಹನ್ನೊಂದು ವರ್ಷಕ್ಕೆ ಸುಮಾರು 11,000 ಕೋಟಿ ಡಾಲರ್. ಕೋವಿಡ್‌ನಲ್ಲಿ ಕ್ರೀಡಾಂಗಣಗಳು ಖಾಲಿ ಬಿದ್ದಾಗ ಮಿತಿ 19.82 ಕೋಟಿಯಿಂದ 18.25 ಕೋಟಿಗೆ ಇಳಿದಿತ್ತು. ಮಾರ್ಚ್ ಮಧ್ಯದ ಒಂದು ಬುಧವಾರ, ನ್ಯೂಯಾರ್ಕ್ ಸಮಯ ಸಂಜೆ ನಾಲ್ಕಕ್ಕೆ, ಹೊಸ ಲೀಗ್ ವರ್ಷ ಶುರುವಾಗುತ್ತದೆ. ಆ ಗಳಿಗೆಗೆ ಪ್ರತಿ ತಂಡವೂ ಗೆರೆಯ ಒಳಗಿರಬೇಕು. ಒಪ್ಪಂದ ಮುಗಿದ ಆಟಗಾರರು ಅದೇ ಗಳಿಗೆಯಿಂದ ಫ್ರೀ ಏಜೆಂಟ್‌ಗಳು. ನಿಜವಾದ ವ್ಯಾಪಾರ ಎರಡು ದಿನ ಮೊದಲೇ, ಸೋಮವಾರ ಮಧ್ಯಾಹ್ನದಿಂದ ಏಜೆಂಟರ ಫೋನ್‌ನಲ್ಲಿ ಕುದುರಿರುತ್ತದೆ.

ಈ ಸ್ವಾತಂತ್ರ್ಯ ಮತ್ತು ಈ ಮಿತಿ ಒಂದೇ ರಾಜಿಯಲ್ಲಿ ಹುಟ್ಟಿದವು. ಎಂಬತ್ತರ ದಶಕದ ಕೊನೆಯವರೆಗೂ ಆಟಗಾರನಿಗೆ ತಂಡ ಬದಲಿಸುವ ಹಕ್ಕು ಹೆಸರಿಗಷ್ಟೇ ಇತ್ತು. 1992ರಲ್ಲಿ ಫ್ರೀಮನ್ ಮೆಕ್‌ನೀಲ್ ಮೊಕದ್ದಮೆಯಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿ ಲೀಗ್‌ನ ವಿರುದ್ಧ ತೀರ್ಪು ಕೊಟ್ಟಿತು. ಬೆನ್ನಿಗೇ ರೆಗ್ಗಿ ವೈಟ್ ಹೆಸರಿನ ಸಾಮೂಹಿಕ ದಾವೆ ಬಂತು. ಮಾಲೀಕರು ಮಣಿದರು: ಆಟಗಾರರಿಗೆ ಬಿಡುಗಡೆ, ತಮಗೆ ಖರ್ಚಿನ ಮೇಲ್ಮಿತಿ. 1993ರಲ್ಲಿ ವೈಟ್ ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್‌ಗೆ ಗ್ರೀನ್ ಬೇ ಪ್ಯಾಕರ್ಸ್ ಸೇರಿದಾಗ, ದೊಡ್ಡ ನಗರ ಬಿಟ್ಟು ಆ ಚಳಿಯ ಪುಟ್ಟ ಊರಿಗೆ ಯಾರು ಹೋಗುತ್ತಾರೆ ಎಂದವರೆಲ್ಲ ಬೆರಗಾದರು.

ಮೊತ್ತ ಮುಗಿದರೆ ಖರೀದಿ ಮುಗಿಯಿತು ಎಂದುಕೊಳ್ಳುವುದು ನಮಗೆ ಸಹಜ, ಐಪಿಎಲ್ ಹರಾಜು ನೋಡಿದವರಲ್ಲವೇ? 2025ರ ಆವೃತ್ತಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ. ಆರ್‌ಸಿಬಿ ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಅವರನ್ನು 37 ಕೋಟಿಗೆ ಉಳಿಸಿಕೊಂಡು ಮಿಕ್ಕ 83 ಕೋಟಿಯೊಂದಿಗೆ ಜೆದ್ದಾಕ್ಕೆ ಹೋಯಿತು. 84ನೇ ಕೋಟಿಯನ್ನು ಮುಂದಿನ ವರ್ಷದಿಂದ ಕಡ ತರುವ ದಾರಿ ಇರಲಿಲ್ಲ. ಅಮೆರಿಕದಲ್ಲಿ ಆ ದಾರಿ ಇದೆ, ಅದೂ ರಾಜಮಾರ್ಗ.

ಅದರ ಹೆಸರು ಸೈನಿಂಗ್ ಬೋನಸ್. ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ ದಿನವೇ ಆಟಗಾರನಿಗೆ 5 ಕೋಟಿ ಡಾಲರ್ ಬೋನಸ್ ಕೊಟ್ಟರೆ, ಹಣ ಅವನ ಕೈ ಸೇರುತ್ತದೆ, ಆದರೆ ಕ್ಯಾಪ್‌ನ ಲೆಕ್ಕದಲ್ಲಿ ವರ್ಷಕ್ಕೆ 1 ಕೋಟಿಯಂತೆ ಹಂಚಿ ಬರೆಯಲಾಗುತ್ತದೆ. ವರ್ಷದ ಸಂಬಳವನ್ನು ಬೋನಸ್ ಆಗಿ ಮಾರ್ಪಡಿಸಿದರೂ ಇದೇ ಅನುಕೂಲ. ಒಪ್ಪಂದದಲ್ಲಿ ವರ್ಷಗಳು ಸಾಲದಿದ್ದರೆ ಬಾಲಕ್ಕೆ ಸುಳ್ಳು ವರ್ಷಗಳನ್ನು ಜೋಡಿಸಬಹುದು. ಅವಕ್ಕೆ ವಾಯ್ಡ್ ಇಯರ್ಸ್ ಎನ್ನುತ್ತಾರೆ. ಆ ವರ್ಷಗಳಲ್ಲಿ ಆಟಗಾರ ತಂಡದಲ್ಲಿ ಇರುವುದಿಲ್ಲವೆಂದು ಎರಡೂ ಕಡೆಗೆ ಗೊತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರೆ ಈ ಲೀಗ್‌ನ ಲೆಕ್ಕಿಗರು ಮುಂದಿನ ಮೂರು ವರ್ಷದ ಹಾಸಿಗೆಗಳನ್ನು ಇವತ್ತೇ ತಂದು ಜೋಡಿಸುತ್ತಾರೆ.

ಕಂತು ಮುಗಿಯುವ ಮುನ್ನ ಆಟಗಾರನನ್ನು ಕೈಬಿಟ್ಟರೆ ಮಾತ್ರ ತೊಂದರೆ. ಮೇಲಿನ ಉದಾಹರಣೆಯಲ್ಲಿ ಎರಡು ವರ್ಷಕ್ಕೇ ಅವನನ್ನು ಕಳಿಸಿದರೆ, ಬರೆಯದೆ ಉಳಿದ 3 ಕೋಟಿ ತಂಡದ ತಲೆಗೆ ಬೀಳುತ್ತದೆ. ಇದು ಡೆಡ್ ಮನಿ. ಮೈದಾನದಲ್ಲಿ ಇಲ್ಲದವನ ಲೆಕ್ಕ, ಇರುವವರ ಪಾಲಿನಿಂದ ಕಡಿತ.

ಈ ಸಾಲದ ಚಟ ಹತ್ತಿಸಿಕೊಂಡ ತಂಡ ನ್ಯೂ ಓರ್ಲಿಯನ್ಸ್ ಸೇಂಟ್ಸ್. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಇದ್ದ ಕೊನೆಯ ವರ್ಷಗಳಲ್ಲಿ ಇನ್ನೊಂದು ಟ್ರೋಫಿಗಾಗಿ ಅದು ಪ್ರತಿ ಮಾರ್ಚ್‌ನಲ್ಲೂ ಸಂಬಳಗಳನ್ನು ಬೋನಸ್‌ಗಳಾಗಿ ತಿರುಗಿಸಿ ಮುಂದಕ್ಕೆ ದೂಡಿತು. 2021ರ ಹೊತ್ತಿಗೆ ಮಿತಿಗಿಂತ ಸುಮಾರು 10 ಕೋಟಿ ಡಾಲರ್ ಮೇಲಿತ್ತು, ಅದೂ ಕೋವಿಡ್‌ನಿಂದ ಮಿತಿಯೇ ಕುಗ್ಗಿದ ವರ್ಷ. ನಿವೃತ್ತಿಗೆ ಮುನ್ನ ಬ್ರೀಸ್ 2.5 ಕೋಟಿಯ ಸಂಬಳವನ್ನು 10.75 ಲಕ್ಷಕ್ಕೆ ಇಳಿಸಿಕೊಂಡು ಉಪಕಾರ ಮಾಡಿದರು. ಜನರಲ್ ಮ್ಯಾನೇಜರ್ ಮಿಕಿ ಲೂಮಿಸ್ ಗಡುವಿನೊಳಗೆ ಗೆರೆಯ ಕೆಳಗೆ ಬಂದೇ ಬಂದರು. ಪ್ರತಿ ವರ್ಷವೂ ಬರುತ್ತಾರೆ. ಅದಕ್ಕೇ ಅಭಿಮಾನಿಗಳಲ್ಲಿ ಕ್ಯಾಪ್ ಎಂಬುದೇ ಸುಳ್ಳು ಎಂಬ ಮಾತು ಹುಟ್ಟಿತು.

ಸುಳ್ಳೇನಲ್ಲ. ಬ್ರೀಸ್ ಹೋದ ಮೇಲಿನ ನಾಲ್ಕು ಸೀಸನ್‌ಗಳಲ್ಲಿ ಸೇಂಟ್ಸ್ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಕಟ್ಟಡ ಕೆಡವಿ ಹೊಸದಾಗಿ ಕಟ್ಟಬೇಕಾದ ಹೊತ್ತಿನಲ್ಲಿ, 2023ರಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್‌ಗೆ ನಾಲ್ಕು ವರ್ಷಕ್ಕೆ 15 ಕೋಟಿ ಡಾಲರ್ ಒಪ್ಪಂದ ಕೊಟ್ಟರು. ಎರಡು ಸೀಸನ್ ಆಡಿದ ಕಾರ್ ಭುಜದ ಗಾಯದಿಂದಾಗಿ 2025ರ ಮೇನಲ್ಲಿ ನಿವೃತ್ತರಾದರು. ಸಾಲ ಮಾಡಿದ್ದು ತಪ್ಪಲ್ಲ. ಗೆಲ್ಲುವ ತಂಡಕ್ಕಾಗಿ ಮಾಡಿದ ಸಾಲವನ್ನು ಗೆಲ್ಲದ ತಂಡಕ್ಕೂ ಮುಂದುವರಿಸಿದ್ದು ತಪ್ಪು.

ಈಗಲ್ಸ್‌ನ ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್ ಬಳಸುವುದೂ ಇದೇ ಅಸ್ತ್ರಗಳನ್ನೇ. ಸುಳ್ಳು ವರ್ಷಗಳ ವಿಷಯದಲ್ಲಿ ಅವರ ಕೈ ಲೂಮಿಸ್‌ಗಿಂತ ಸಣ್ಣದೇನಲ್ಲ. ಬಾರ್ಕ್ಲಿ ಬಂದ ವರ್ಷ ಅವರ ಲೆಕ್ಕ ಕ್ಯಾಪ್‌ನಲ್ಲಿ ಸುಮಾರು 38 ಲಕ್ಷ ಡಾಲರ್ ಮಾತ್ರ. ಎರಡು ಸಾವಿರ ಯಾರ್ಡ್ ಓಡಿದವನಿಗೆ ಅದು ಪುಡಿಗಾಸು. ಆದರೆ ರೋಸ್‌ಮನ್ ಭವಿಷ್ಯದ ಹಣವನ್ನು ತಂದು ಸುರಿಯುವುದು ಹೆಚ್ಚಾಗಿ ಇಪ್ಪತ್ತರ ಹರೆಯದ, ತಾವೇ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಸುತ್ತುಗಳಲ್ಲಿ, ಆರಿಸಿ ಬೆಳೆಸಿದ ಹುಡುಗರ ಮೇಲೆ. ಅದೂ ಬೇಗ, ಅವರ ಬೆಲೆ ಏರುವ ಮುನ್ನ. ಮಿತಿ ವರ್ಷ ವರ್ಷ ಏರುವಾಗ ಇಂದಿನ ದುಬಾರಿ ಒಪ್ಪಂದ ಮೂರು ವರ್ಷದಲ್ಲಿ ಸಾಧಾರಣ ಅನ್ನಿಸುತ್ತದೆ. ಹೊರಗಿನ ಸಂತೆಯಲ್ಲಿ ಅವರು ಚೌಕಾಸಿಯ ಗಿರಾಕಿ: ಅದೇ ಮಾರ್ಚ್‌ನಲ್ಲಿ ಸೇಂಟ್ಸ್‌ನಿಂದ ಬಂದ ಝ್ಯಾಕ್ ಬಾನ್‌ಗೆ ಕೊಟ್ಟಿದ್ದು ಒಂದು ವರ್ಷಕ್ಕೆ 35 ಲಕ್ಷ. ಸೇಂಟ್ಸ್‌ನಲ್ಲಿ ಅಂಚಿನಲ್ಲಿದ್ದ ಬಾನ್ ಆ ವರ್ಷವೇ ಲೀಗ್‌ನ ಅತ್ಯುತ್ತಮ ಲೈನ್‌ಬ್ಯಾಕರ್‌ಗಳ ಸಾಲಿಗೆ ಸೇರಿದರು.

ಕ್ಯಾಪ್ ಸ್ಪೇಸ್ ಪಟ್ಟಿ ಮುಚ್ಚಿಡುವ ಇನ್ನೊಂದು ಸಂಗತಿ ನಗದು. ಬೋನಸ್ ಕೊಡಬೇಕಾದರೆ ಮಾಲೀಕನ ಕೈಯಲ್ಲಿ ಇಂದೇ ದುಡ್ಡಿರಬೇಕು. ಮುಂದಿನ ವರ್ಷಗಳಿಗೆ ಖಾತ್ರಿ ಕೊಟ್ಟ ಹಣವನ್ನೂ ಪ್ರತ್ಯೇಕ ಖಾತೆಯಲ್ಲಿ ತೆಗೆದಿಡಬೇಕೆಂಬ ಹಳೆಯ ನಿಯಮವೊಂದು ಲೀಗ್‌ನಲ್ಲಿದೆ. ಹೀಗಾಗಿ ಎಲ್ಲರಿಗೂ ಸಮ ಎನ್ನುವ ಮಿತಿಯನ್ನು ಬಗ್ಗಿಸುವ ಶಕ್ತಿ ಎಲ್ಲರಿಗೂ ಸಮನಾಗಿಲ್ಲ. ಜೇಬು ಬಿಚ್ಚುವ ಮಾಲೀಕನ ತಂಡಕ್ಕೆ ಮಿತಿ ರಬ್ಬರ್, ಬಿಚ್ಚದವನ ತಂಡಕ್ಕೆ ಕಲ್ಲು. ಇಷ್ಟಾದರೂ ಎರಡನೆಯವನು ಮಾಧ್ಯಮಗೋಷ್ಠಿಯಲ್ಲಿ ದೂರುವುದು ಕ್ಯಾಪನ್ನೇ.

ಫ್ರೀ ಏಜೆನ್ಸಿಯ ಯೋಜನೆಯನ್ನು ನಿಜಕ್ಕೂ ನಿರ್ಧರಿಸುವ ಅಂಕಿ ಒಂದೇ: ಕ್ವಾರ್ಟರ್‌ಬ್ಯಾಕ್‌ನ ಸಂಬಳ. 2010ರ ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಸಿಕ್ಕಿತ್ತು. ಮರುವರ್ಷದ ಒಪ್ಪಂದ ಹೊಸಬರ ಸಂಬಳಕ್ಕೆ ಕಟ್ಟುನಿಟ್ಟಿನ ಪಟ್ಟಿ ತಂದಿತು. 2011ರಲ್ಲಿ ಮೊದಲಿಗರಾದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ. ಹಳೆಯ ಕ್ವಾರ್ಟರ್‌ಬ್ಯಾಕ್‌ಗಳ ಬೆಲೆ ಮಾತ್ರ ಏರುತ್ತಲೇ ಹೋಗಿ, 2024ರಲ್ಲಿ ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್‌ರದು ವರ್ಷಕ್ಕೆ 6 ಕೋಟಿಗೆ ಮುಟ್ಟಿತು. ಒಳ್ಳೆಯ ಹೊಸ ಹುಡುಗ ಸಿಕ್ಕ ತಂಡಕ್ಕೆ ಆ ವ್ಯತ್ಯಾಸವೇ ಸಂತೆಗೆ ಒಯ್ಯುವ ಥೈಲಿ.

ಇದರ ಅತಿರೇಕದ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ನ ಬ್ರಾಕ್ ಪರ್ಡಿ. 2022ರ ಡ್ರಾಫ್ಟ್‌ನ 262ನೇ ಆಯ್ಕೆ, ಅಂದರೆ ಕಟ್ಟಕಡೆಯವರು. 2023ರಲ್ಲಿ ಅವರ ಸಂಬಳ 9 ಲಕ್ಷ ಡಾಲರಿಗೂ ಕಡಿಮೆ; ಸಹ ಆಟಗಾರನೊಬ್ಬನೊಂದಿಗೆ ಮನೆ ಹಂಚಿಕೊಂಡು ಬಾಡಿಗೆಗಿದ್ದರು. ಆ ವರ್ಷ ಅವರು ತಂಡವನ್ನು ಸೂಪರ್ ಬೌಲ್‌ವರೆಗೆ ಒಯ್ದರು. ಸುತ್ತಮುತ್ತ ದುಬಾರಿ ತಾರೆಯರನ್ನು ತುಂಬಲು 49ಅರ್ಸ್‌ಗೆ ಸಾಧ್ಯವಾಗಿದ್ದು ನಡುವೆ ನಿಂತವನು ಅಷ್ಟು ಅಗ್ಗವಾಗಿದ್ದರಿಂದ.

ಜೈಂಟ್ಸ್‌ನ ಕತೆ ತಿರುಗುಮುರುಗು. 2023ರ ಮಾರ್ಚ್‌ನಲ್ಲಿ ಅವರು ಸಾಧಾರಣ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್‌ಗೆ ನಾಲ್ಕು ವರ್ಷಕ್ಕೆ 16 ಕೋಟಿ ಡಾಲರ್ ಕೊಟ್ಟರು. ಬಾರ್ಕ್ಲಿಗೆ, ಫ್ರೀ ಏಜೆಂಟ್ ಆಗದಂತೆ ತಡೆಯುವ ಒಂದು ವರ್ಷದ ಫ್ರಾಂಚೈಸ್ ಟ್ಯಾಗ್ ಹಾಕಿ ಕಟ್ಟಿಹಾಕಿದರು. ಮರುವರ್ಷ ಜೋನ್ಸ್ ಒಬ್ಬರೇ ಕ್ಯಾಪ್‌ನ ಐದನೇ ಒಂದು ಪಾಲಿಗೆ ಹತ್ತಿರದಷ್ಟು, ಸುಮಾರು 4.7 ಕೋಟಿ ಡಾಲರ್ ನುಂಗಿದರು. ಹಾಗೆಂದು ಖಜಾನೆ ಬರಿದಾಗಿತ್ತೇ? ಬಾರ್ಕ್ಲಿಯನ್ನು ಕಳೆದುಕೊಂಡ ಅದೇ ಮಾರ್ಚ್‌ನಲ್ಲಿ ಜೈಂಟ್ಸ್ ಬ್ರಯನ್ ಬರ್ನ್ಸ್‌ರನ್ನು ಕೆರೊಲಿನಾದಿಂದ ತಂದು ಐದು ವರ್ಷಕ್ಕೆ 14.1 ಕೋಟಿಯ ಒಪ್ಪಂದ ಕೊಟ್ಟಿತು. ಹಣವಿತ್ತು. ರನ್ನಿಂಗ್ ಬ್ಯಾಕ್‌ಗೆ ಅಷ್ಟು ಕೊಡಬಾರದು ಎಂಬ ಸಿದ್ಧಾಂತವೂ ಇತ್ತು. ಸಿದ್ಧಾಂತ ಪೂರ್ತಿ ತಪ್ಪೆಂದೂ ಹೇಳಲಾಗದು, ಆ ಜಾಗದ ಆಟಗಾರರು ಬೇಗ ಸವೆಯುತ್ತಾರೆ. ಆದರೆ ಅದು ಆಯ್ಕೆ, ಅನಿವಾರ್ಯವಲ್ಲ. ಜೋನ್ಸ್‌ರನ್ನು 2024ರ ನವೆಂಬರ್‌ನಲ್ಲಿ ಕೈಬಿಡಲಾಯಿತು.

ಬಿಡುವುದೂ ಒಂದು ಕಲೆ ಎನ್ನುವುದನ್ನು ಕಾನ್ಸಸ್ ಸಿಟಿ ಚೀಫ್ಸ್ ತೋರಿಸಿತು. 2020ರಲ್ಲಿ ಪ್ಯಾಟ್ರಿಕ್ ಮಹೋಮ್ಸ್‌ಗೆ ಹತ್ತು ವರ್ಷದ, 45 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟ ಮೇಲೆ ಅವರ ಬಳಿ ಅಗ್ಗದ ಕ್ವಾರ್ಟರ್‌ಬ್ಯಾಕ್ ಇರಲಿಲ್ಲ. 2022ರ ಮಾರ್ಚ್‌ನಲ್ಲಿ ಲೀಗ್‌ನ ಅತಿ ವೇಗದ ರಿಸೀವರ್ ಟೈರೀಕ್ ಹಿಲ್ ಮಾರುಕಟ್ಟೆಯ ಬೆಲೆ ಕೇಳಿದಾಗ ಚೀಫ್ಸ್ ಅವರನ್ನು ಮಯಾಮಿಗೆ ಮಾರಿ ಐದು ಡ್ರಾಫ್ಟ್ ಆಯ್ಕೆಗಳನ್ನು ಪಡೆಯಿತು. ಮಯಾಮಿ ಹಿಲ್‌ಗೆ ನಾಲ್ಕು ವರ್ಷಕ್ಕೆ 12 ಕೋಟಿ ಕೊಟ್ಟಿತು. ಚೀಫ್ಸ್ ಆ ಆಯ್ಕೆಗಳಲ್ಲಿ ಎರಡನ್ನು ಸೇರಿಸಿ ಕೊಟ್ಟು ಸರದಿಯಲ್ಲಿ ಮೇಲೆ ಹತ್ತಿ ಟ್ರೆಂಟ್ ಮೆಕ್‌ಡಫಿ ಎಂಬ ಕಾರ್ನರ್‌ಬ್ಯಾಕ್‌ನನ್ನು ಹಿಡಿಯಿತು. ಹಿಲ್ ಇಲ್ಲದ ಮೊದಲ ಎರಡೂ ಸೀಸನ್‌ಗಳಲ್ಲಿ ಸೂಪರ್ ಬೌಲ್ ಅವರದೇ.

ತಪ್ಪು ಆಳಿಗೆ ಖಾತ್ರಿ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಇದೆ. 2022ರಲ್ಲಿ ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್‌ಗೆ ಮೂರು ಪ್ರಥಮ ಸುತ್ತಿನ ಆಯ್ಕೆಗಳನ್ನು ತೆತ್ತು, ಐದು ವರ್ಷಕ್ಕೆ 23 ಕೋಟಿ ಡಾಲರನ್ನು ಪೂರ್ತಿ ಖಾತ್ರಿಯಾಗಿ ಬರೆದುಕೊಟ್ಟರು. ಮೊದಲ ಮೂರು ಸೀಸನ್‌ಗಳಲ್ಲಿ ಅವರು ಆಡಿದ್ದು 19 ಪಂದ್ಯ. ಉಳಿದ ಮಾಲೀಕರಿಗೆ ಈ ಒಪ್ಪಂದದ ಮೇಲೆ ಸಿಟ್ಟು ಬಂದಿದ್ದು ಆಟಗಾರನ ಬಗೆಗಿನ ಗಂಭೀರ ಆರೋಪಗಳಿಂದಲ್ಲ, ಪೂರ್ತಿ ಖಾತ್ರಿ ಎಂಬ ಮೇಲ್ಪಂಕ್ತಿಯಿಂದ. ಅದು ಮೇಲ್ಪಂಕ್ತಿ ಆಗಲೇ ಇಲ್ಲ. ಮರುವರ್ಷ ಲಮಾರ್ ಜಾಕ್ಸನ್‌ರಂಥ ಆಟಗಾರ ಪಡೆದ 26 ಕೋಟಿಯಲ್ಲಿ ಖಾತ್ರಿ 18.5 ಕೋಟಿ.

ಮಾಲೀಕರ ಈ ಒಗ್ಗಟ್ಟಿನ ಹಳೆಯ ಕತೆಯೊಂದು ಮೋಜಿನದು. 2010ರಲ್ಲಿ ಒಪ್ಪಂದದ ಬಿಕ್ಕಟ್ಟಿನಿಂದ ಕ್ಯಾಪ್ ಇರಲೇ ಇಲ್ಲ. ವಾಷಿಂಗ್ಟನ್ ಮತ್ತು ಡಲ್ಲಾಸ್ ಆ ವರ್ಷ ಧಾರಾಳವಾಗಿ ಖರ್ಚು ಬರೆದುಕೊಂಡವು. ಎರಡು ವರ್ಷದ ನಂತರ ಲೀಗ್ ವಾಷಿಂಗ್ಟನ್‌ನ ಕ್ಯಾಪ್‌ನಲ್ಲಿ 3.6 ಕೋಟಿ, ಡಲ್ಲಾಸ್‌ನದರಲ್ಲಿ 1 ಕೋಟಿ ಡಾಲರ್ ಕತ್ತರಿಸಿತು. ಇಲ್ಲದ ಮಿತಿಯನ್ನು ಮೀರಿದ ತಪ್ಪಿಗೆ ದಂಡ! ಪೈಪೋಟಿಯ ಸಮತೋಲನಕ್ಕಾಗಿ ಕ್ಯಾಪ್ ಎಂದು ಲೀಗ್ ಹೇಳುತ್ತದೆ. ಅದರಲ್ಲಿ ಸತ್ಯವಿದೆ, ಗ್ರೀನ್ ಬೇಯಂಥ ಊರು ನ್ಯೂಯಾರ್ಕ್ ಎದುರು ತಲೆಯೆತ್ತಿ ನಿಂತಿರುವುದು ಇದರಿಂದಲೂ ಹೌದು. ಆದರೆ ಸಂಬಳದ ಬಿಲ್ ಎಲ್ಲಿಯವರೆಗೆ ಏರಬಹುದೆಂದು ಮೊದಲೇ ಗೊತ್ತಿರುವ ವ್ಯಾಪಾರ ಯಾವ ಮಾಲೀಕನಿಗೆ ಬೇಡ?

ಇದರ ಬೆಲೆ ತೆರುವವರು ತಾರೆಯರಲ್ಲ. ಕ್ವಾರ್ಟರ್‌ಬ್ಯಾಕ್ ಒಬ್ಬರಿಗೆ 5 ಕೋಟಿ, ಎಡ್ಜ್ ರಷರ್ ಒಬ್ಬರಿಗೆ 3 ಕೋಟಿ, ರಿಸೀವರ್‌ಗೆ ಇನ್ನೊಂದು 3 ಕೋಟಿ ಹೋದ ಮೇಲೆ ಐವತ್ತು ಜನರನ್ನು ತುಂಬಬೇಕಲ್ಲ? ಏಳೆಂಟು ವರ್ಷ ಆಡಿ ಮೊಣಕಾಲು ಸವೆಸಿಕೊಂಡ, ಕೆಲಸ ಬಲ್ಲ ಮಧ್ಯಮ ದರ್ಜೆಯ ಆಟಗಾರನ ಜಾಗಕ್ಕೆ ನಾಲ್ಕನೇ ಸುತ್ತಿನ ಹೊಸ ಹುಡುಗ ಬರುತ್ತಾನೆ. ಮಾರ್ಚ್‌ನ ಮೊದಲ ಎರಡು ದಿನ ಸುದ್ದಿಯಾಗುವುದು ಹತ್ತಿಪ್ಪತ್ತು ಹೆಸರುಗಳು. ಉಳಿದ ನೂರಾರು ಮಂದಿ ಏಪ್ರಿಲ್, ಮೇವರೆಗೆ ಫೋನ್ ಕಾಯುತ್ತಾ, ಕೊನೆಗೆ ಒಂದು ವರ್ಷದ ಕನಿಷ್ಠ ವೇತನಕ್ಕೆ ಸಹಿ ಹಾಕುತ್ತಾರೆ. ಮಿತಿ ಮೂರು ದಶಕದಲ್ಲಿ ಎಂಟು ಪಟ್ಟಾಗಿದೆ ಎಂದು ಆಟಗಾರರ ಸಂಘ ಹೆಮ್ಮೆಪಡುವಾಗ ಆ ಸಾಲಿನ ಬಗ್ಗೆಯೂ ಒಂದು ಮಾತು ಹೇಳಬೇಕು.

ಕ್ಯಾಪನ್ನು ನೆಪ ಮಾಡಿಕೊಳ್ಳುವವರಿಗೆ ಡೆನ್ವರ್ ಬ್ರಾಂಕೋಸ್ ಒಂದು ಮುಜುಗರ. 2022ರಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ತಂಡದ ಪರ ಒಂದೂ ಲೀಗ್ ಪಂದ್ಯ ಆಡುವ ಮೊದಲೇ ಅದು ಅವರಿಗೆ 24.5 ಕೋಟಿ ಡಾಲರ್‌ನ ಹೊಸ ಒಪ್ಪಂದ ಕೊಟ್ಟಿತ್ತು. ಎರಡೇ ಸೀಸನ್‌ಗೆ ಕೈಬಿಟ್ಟಿತು. ಡೆಡ್ ಮನಿ 8.5 ಕೋಟಿ, ಲೀಗ್‌ನ ಇತಿಹಾಸದಲ್ಲೇ ಆವರೆಗಿನ ದಾಖಲೆ: 2024ಕ್ಕೆ 5.3 ಕೋಟಿ, 2025ಕ್ಕೆ 3.2 ಕೋಟಿ. ಪಿಟ್ಸ್‌ಬರ್ಗ್ 12.1 ಲಕ್ಷ ಕೊಟ್ಟು ವಿಲ್ಸನ್‌ರನ್ನು ಆಡಿಸಿದರೆ, ಮಿಕ್ಕ ಸುಮಾರು 3.8 ಕೋಟಿ ಸಂಬಳ ಡೆನ್ವರ್‌ನದು. ವಿಲ್ಸನ್‌ರನ್ನು ಕಳಿಸುವ ನಿರ್ಧಾರದಲ್ಲಿದ್ದ ಕೋಚ್ ಶಾನ್ ಪೇಟನ್ ಹಿಂದೆ ಸೇಂಟ್ಸ್‌ನ ಸಾಲದ ವೈಭವದಲ್ಲೂ ಕೋಚ್ ಆಗಿದ್ದವರು. ಇಲ್ಲಿ ಅವರು ನೋವನ್ನು ಮುಂದೂಡಲಿಲ್ಲ. 2024ರ ಡ್ರಾಫ್ಟ್‌ನಲ್ಲಿ 12ನೇ ಆಯ್ಕೆಯಾಗಿ ಬಂದ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್‌ಗೆ ನಾಲ್ಕು ವರ್ಷಕ್ಕೆ ಒಟ್ಟು 1.9 ಕೋಟಿಯೂ ಆಗಲಿಲ್ಲ. ಆ ಹುಡುಗನನ್ನು ಇಟ್ಟುಕೊಂಡು ಡೆನ್ವರ್ ಹತ್ತು ಪಂದ್ಯ ಗೆದ್ದು, 2015ರ ಸೀಸನ್‌ನ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿತು.

2025ರ ಮಾರ್ಚ್‌ನಲ್ಲಿ 49ಅರ್ಸ್ ಸರದಿ. ಪರ್ಡಿಯ ಅಗ್ಗದ ದಿನಗಳು ಮುಗಿಯುತ್ತಿದ್ದವು. ಮೇನಲ್ಲಿ ಅವರಿಗೆ ಐದು ವರ್ಷಕ್ಕೆ 26.5 ಕೋಟಿಯ ಒಪ್ಪಂದವಾಯಿತು. ಅದಕ್ಕೆ ಮುನ್ನ ತಂಡ ಕೈ ಬಿಗಿಹಿಡಿಯಿತು. ರಿಸೀವರ್ ಡೀಬೊ ಸ್ಯಾಮ್ಯುಯೆಲ್ ವಾಷಿಂಗ್ಟನ್‌ಗೆ, ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ, ಆ್ಯರನ್ ಬ್ಯಾಂಕ್ಸ್ ಗ್ರೀನ್ ಬೇಗೆ ಹೊರಟರು. 2022ರಲ್ಲಿ ಲೀಗ್‌ನ ಅತ್ಯುತ್ತಮ ಹನ್ನೊಂದರಲ್ಲಿ ಸ್ಥಾನ ಪಡೆದಿದ್ದ ಸೇಫ್ಟಿ ತಲನೋವಾ ಹುಫಾಂಗಾ ಹೊರಟರು. ಒಂದು ವರ್ಷದ ಹಿಂದೆ ಸೂಪರ್ ಬೌಲ್‌ನ ನಡುವೆ ಮೈದಾನಕ್ಕೆ ಓಡಿಬರುವಾಗಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಕುಸಿದಿದ್ದ ಲೈನ್‌ಬ್ಯಾಕರ್ ಡ್ರೇ ಗ್ರೀನ್‌ಲಾ ಕೂಡ ಹೊರಟರು. ಈ ಕೊನೆಯ ಇಬ್ಬರಿಗೂ ಸೇರಿ 8 ಕೋಟಿ ಡಾಲರ್‌ವರೆಗಿನ ಒಪ್ಪಂದಗಳನ್ನು ಕೊಟ್ಟಿದ್ದು, ವಿಲ್ಸನ್ ಹೆಸರಿನಲ್ಲಿ ಇನ್ನೂ 3.2 ಕೋಟಿ ಬರೆದುಕೊಳ್ಳಬೇಕಿದ್ದ ಡೆನ್ವರ್.